ಹಟ್! – ಒಂದು ಕೂಗಿನ ಚರಿತ್ರೆ

ರೇಡಿಯೋದ ಮುಂದೆ ಕುಳಿತು ಆಟದ ವಿವರಣೆ ಕೇಳುವ ಅಭ್ಯಾಸ ನಿಮಗುಂಟು. ಆಟಗಾರರನ್ನು ಕಾಣದೆ, ಬರಿಯ ದನಿಯಿಂದಲೇ ಆಟವನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಕೊಳ್ಳಬಲ್ಲವರು ನೀವು. ಆದುದರಿಂದ ಒಂದು ಕೂಗನ್ನೇ ನೆಚ್ಚಿಕೊಂಡಿರುವ ಆಟವೊಂದರ ಸಂಗತಿ ನಿಮಗೆ ರುಚಿಸೀತೆಂದು ನಂಬಿದ್ದೇನೆ. ಅದು ಅಮೆರಿಕದ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಎಂದಿದ್ದರೂ ಅಲ್ಲಿ ಚೆಂಡು ಕಾಲಿಗಿಂತ ಕೈಯಲ್ಲೇ ಹೆಚ್ಚು ಹೊತ್ತು ಇರುತ್ತದೆ.

ಹನ್ನೊಂದು ಮಂದಿ ಇತ್ತ, ಹನ್ನೊಂದು ಮಂದಿ ಅತ್ತ. ಮುಂದಿನ ಸಾಲಿನವರು ಎದುರುಬದುರಾಗಿ ಬಗ್ಗಿ ನಿಂತಿರುತ್ತಾರೆ. ನಡುವೆ ನೆಲದ ಮೇಲೆ ಚೆಂಡು. ಅದರ ಮೇಲೆ ಕೈಯಿಟ್ಟು ಬಗ್ಗಿರುವವನು ಸೆಂಟರ್. ಅವನ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಎಂಬಾತ, ಹರಾಜು ಕೂಗುವವನಂತೆ, “ಬ್ಲೂ ಫಾರ್ಟಿ ಟೂ! ಬ್ಲೂ ಫಾರ್ಟಿ ಟೂ! ಹಟ್! ಹಟ್!” ಎಂದು ಕಿರಿಚುತ್ತಾನೆ. ಒಡನೆ ಸೆಂಟರ್ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ, ಆಟ ಸಿಡಿಯುತ್ತದೆ. ಈ ಕೂಗಿಗೆ ಏನರ್ಥ?

ಇದನ್ನು ತಿಳಿಯಲು ನಾವು 1880ನೆಯ ಇಸವಿಗೆ ಹೋಗಬೇಕು. ಅದುವರೆಗೆ ಅಲ್ಲಿನ ಕಾಲೇಜುಗಳಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ಇಂಗ್ಲೆಂಡಿನ ರಗ್ಬಿಯನ್ನು ಹೋಲುವ ಆಟ. ಎರಡು ಗುಂಪೂ ಚೆಂಡಿನ ಸುತ್ತ ನೂಕಾಡಬೇಕು. ಅದು ಯಾರ ಕಡೆ ಹೊರಬೀಳುವುದೋ ಯಾರೂ ಹೇಳಲಾರರು. ಆ ವರ್ಷ ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಹೊಸ ನಿಯಮವೊಂದನ್ನು ತಂದ. ಚೆಂಡು ಒಂದು ಪಕ್ಷದ ಸ್ವತ್ತು. ಆ ಪಕ್ಷದವನೊಬ್ಬ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಾಗಲೇ ಆಟ ಆರಂಭ. ಕೈಯಿಂದ ಕೊಡುವ ಪದ್ಧತಿ ಅನಂತರ ಬಂದುದು. ಇದರಿಂದ ಹಿಂದೆ ಇಲ್ಲದ ಒಂದು ಅನುಕೂಲ ಹುಟ್ಟಿತು. ಆಟ ಯಾವ ಗಳಿಗೆಯಲ್ಲಿ ಮೊದಲಾಗುವುದೆಂದು ಒಂದು ಪಕ್ಷಕ್ಕೆ ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ. ಕಣ್ಣೆವೆ ಮುಚ್ಚುವಷ್ಟು ಹೊತ್ತಿನ ಮುನ್ನಡೆ ಅದು. ಅದನ್ನು ಕಾಪಾಡಿಕೊಳ್ಳುವುದೇ ಈ ಕೂಗಿನ ಕೆಲಸ.

ಮೊದಮೊದಲು ಕೂಗೂ ಇರಲಿಲ್ಲ. ಮುಂದೆ ಬಗ್ಗಿದವನ ಕಾಲನ್ನು ಕೆರೆದು ಸೂಚನೆ ಕೊಡುತ್ತಿದ್ದರಂತೆ. ಎದುರಾಳಿಯೊಬ್ಬ ಕಳ್ಳತನದಿಂದ ಕಾಲು ಕೆರೆದು ಮೋಸಮಾಡಿದ ಮೇಲೆ ಜಾನ್ ಹೈಸ್ಮನ್ ಎಂಬಾತ ‘ಹೈಕ್’ ಎಂಬ ಕೂಗನ್ನು ಬಳಕೆಗೆ ತಂದನೆಂದು ಪ್ರತೀತಿ. ಈಗ ಹೆಚ್ಚು ಕೇಳಿಬರುವ ‘ಹಟ್’ ಸೈನ್ಯದ ಕವಾಯತಿನಿಂದ ಬಂದುದೆಂಬುದು ಸಾಮಾನ್ಯವಾದ ಅಭಿಪ್ರಾಯ.

ಆದರೆ ಕೂಗಿದರೆ ಎದುರಾಳಿಗೂ ಕೇಳುವುದಷ್ಟೆ? ಇದಕ್ಕೆ ಉಪಾಯ ತೋರಿದವರು ಕಿವುಡ ವಿದ್ಯಾರ್ಥಿಗಳು ಎನ್ನುತ್ತಾರೆ. ವಾಷಿಂಗ್‌ಟನ್ ನಗರದ ಗ್ಯಾಲಡೆಟ್ ಕಾಲೇಜಿನವರು ಕೈಸನ್ನೆಯಿಂದ ಮಾತಾಡುವವರು. ಎದುರಿಗೆ ಮತ್ತೊಂದು ಕಿವುಡರ ಶಾಲೆಯ ತಂಡ ಬಂದರೆ ಗುಟ್ಟೆಲ್ಲ ರಟ್ಟು. ಆದುದರಿಂದ ಪಾಲ್ ಹಬಾರ್ಡ್ ಎಂಬ ಅವರ ಕ್ವಾರ್ಟರ್‌ಬ್ಯಾಕ್ 1890ರ ದಶಕದಲ್ಲಿ ತನ್ನವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಬೆನ್ನುಗಳ ಮರೆಯಲ್ಲಿ ಸನ್ನೆ ಮಾಡಿದ. ಕಿವಿ ಕೇಳುವವರೂ ಇದನ್ನೇ ಹಿಡಿದರು. ಈ ಗುಂಪಿನಲ್ಲಿ ನಾಯಕ ಆಟದ ಬಗೆಯನ್ನು ಹೇಳಿ, ಕೊನೆಗೆ “ಎರಡಕ್ಕೆ” ಎನ್ನುತ್ತಾನೆ. ಎಂದರೆ ಎರಡನೆಯ ‘ಹಟ್’ಗೆ ಚೆಂಡು ಚಲಿಸುತ್ತದೆ. ಮೊದಲನೆಯ ‘ಹಟ್’ ಬರಿಯ ಸದ್ದು.

ಇನ್ನು ಬಣ್ಣ, ಸಂಖ್ಯೆಗಳ ಮಾತು. ಒಂದು ಬಣ್ಣಕ್ಕೆ ಮಾತ್ರ ಜೀವವಿದೆಯೆಂದು ತಂಡ ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಅದು ಕೆಂಪಾದರೆ, ‘ನೀಲಿ’ ಎಂದು ನೂರು ಸಲ ಕೂಗಿದರೂ ಏನೂ ಆಗದು. ‘ಕೆಂಪು’ ಎಂದೊಡನೆ ಹಿಂದಿನ ಯೋಜನೆ ರದ್ದು. ಅದರ ಬೆನ್ನಿಗೆ ಬರುವ ಸಂಖ್ಯೆಯೇ ಹೊಸ ಯೋಜನೆ. ಒಟ್ಟಿನಲ್ಲಿ ಅರ್ಥವಿರುವುದು ಶಬ್ದದಲ್ಲಲ್ಲ, ಹನ್ನೊಂದು ಮಂದಿಯ ಒಪ್ಪಂದದಲ್ಲಿ.

ಆತುರಪಟ್ಟು ಚೆಂಡಿಗಿಂತ ಮೊದಲೇ ಗೆರೆ ದಾಟಿದ ಎದುರಾಳಿಗೆ 5 ಗಜದ ದಂಡ. ತನ್ನವರೇ ಮೊದಲು ಮಿಸುಕಿದರೂ ಅಷ್ಟೇ ದಂಡ. ಡೆನ್ವರ್ ತಂಡದಲ್ಲಿ ಆಡುತ್ತಿದ್ದ ಪೇಟನ್ ಮ್ಯಾನಿಂಗ್ ಇದರಲ್ಲಿ ಗಟ್ಟಿಗನಾಗಿದ್ದ. 2014ರ ಜನವರಿ 12ರಂದು ಸ್ಯಾನ್ ಡಿಯೆಗೊ ತಂಡದ ಮೇಲೆ ಆಡುವಾಗ ಆತ “ಒಮಾಹಾ!” ಎಂದು ಒಂದು ಊರಿನ ಹೆಸರನ್ನು 40ಕ್ಕೂ ಹೆಚ್ಚು ಸಲ ಕೂಗಿದ. ಅವನ ದನಿಯ ಏರಿಳಿತಕ್ಕೆ ಮರುಳಾಗಿ ಎದುರಾಳಿಗಳು ಮತ್ತೆ ಮತ್ತೆ ಗೆರೆ ದಾಟಿ ದಂಡ ತೆತ್ತರು. ಅರ್ಥವೇನೆಂದು ಪತ್ರಕರ್ತರು ಕೇಳಿದರೆ, ಅದು ಗಾಳಿಯನ್ನೂ ತೊಟ್ಟ ಅಂಗಿಯನ್ನೂ ಅನುಸರಿಸಿ ಬದಲಾಗುತ್ತದೆಂದು ನಗೆಯಾಡಿಬಿಟ್ಟ.

ರೇಡಿಯೋ ಪ್ರಿಯರಾದ ನೀವು ಕೇಳಬಹುದು: ಕೂಗೇತಕ್ಕೆ, ರೇಡಿಯೋ ಇಲ್ಲವೆ? ಉಂಟು. 1956ರಲ್ಲಿಯೇ ಕ್ಲೀವ್‌ಲ್ಯಾಂಡ್ ತಂಡದ ತರಬೇತಿದಾರ ಪಾಲ್ ಬ್ರೌನ್ ತನ್ನ ಕ್ವಾರ್ಟರ್‌ಬ್ಯಾಕನ ಶಿರಸ್ತ್ರಾಣದೊಳಗೆ ರೇಡಿಯೋ ಇಟ್ಟು ಪರೀಕ್ಷಿಸಿದ. ಅದೇ ವರ್ಷ ಅದನ್ನು ನಿಷೇಧಿಸಿದರು. 1994ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಆದರೂ, ಚೆಂಡನ್ನು ಆಡಿಸಲು ಗೊತ್ತಾದ ಕಾಲದಲ್ಲಿ 15 ಸೆಕೆಂಡು ಉಳಿದಿರುವಾಗ ಆ ಧ್ವನಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಮನುಷ್ಯನ ಗಂಟಲೇ ಗತಿ.

ಗಂಟಲು ಸೋತರೆ? 2014ರ ಫೆಬ್ರವರಿ 2ರಂದು ನ್ಯೂಜೆರ್ಸಿಯಲ್ಲಿ ವರ್ಷದ ಕಡೆಯ ಪಂದ್ಯ, ಸೂಪರ್ ಬೌಲ್. ಆ ಋತುವಿನಲ್ಲಿ 606 ಅಂಕಗಳ ದಾಖಲೆ ಮಾಡಿದ್ದ ಡೆನ್ವರಿಗೆ ಸಿಯಾಟಲ್ ಎದುರಾಳಿ. ಪ್ರೇಕ್ಷಕರ ಗದ್ದಲದಲ್ಲಿ ತನ್ನ ಮಾತು ಕೇಳಿಸದೆಂದು ಮ್ಯಾನಿಂಗ್ ಸೆಂಟರ್ ಕಡೆಗೆ ನಡೆದು ಬರುತ್ತಿದ್ದ. ಕೂಗು ಬಂತೆಂದು ತಿಳಿದ ಸೆಂಟರ್ ಚೆಂಡನ್ನು ಕೊಟ್ಟೇಬಿಟ್ಟ. ಅದು ಮ್ಯಾನಿಂಗ್‌ನ ತಲೆಯ ಪಕ್ಕದಲ್ಲೇ ಹಾರಿಹೋಯಿತು. ಆಟ ಮೊದಲಾಗಿ 12 ಸೆಕೆಂಡಿನಲ್ಲಿ ಸಿಯಾಟಲ್‌ಗೆ 2 ಅಂಕ. ಕೊನೆಗೆ ಡೆನ್ವರ್ 43–8ರಿಂದ ಸೋತಿತು.

ಇಂಥ ಗದ್ದಲದ ಕ್ರೀಡಾಂಗಣಗಳಲ್ಲಿ ತಂಡಗಳು ಕೂಗನ್ನೇ ಬಿಟ್ಟು ಕಾಲೆತ್ತಿ, ತಲೆಯಾಡಿಸಿ, ಪಕ್ಕದವನನ್ನು ತಟ್ಟಿ ಆಟ ಹೂಡುವುದುಂಟು. ಸಾವಿರಾರು ಜನರ ಅಬ್ಬರದಲ್ಲಿ ಕಿವಿಯಿದ್ದೂ ಕೇಳದವರು, ಗ್ಯಾಲಡೆಟ್‌ನ ಹುಡುಗರು ಬಲ್ಲ ಸನ್ನೆಯ ಭಾಷೆಗೇ ಮರಳುತ್ತಾರೆ.