ಅಚ್ಚುಮೊಳೆ ಹಿಡಿದ ಪುಟ್ಟ ಕೈಗಳು

ಶಾಲೆಯ ವಾರ್ಷಿಕ ಸಂಚಿಕೆ ಯಾರ ಪುಸ್ತಕ? ಆಡಳಿತ ಮಂಡಳಿಯದೋ, ಅಧ್ಯಾಪಕರದೋ, ಮಕ್ಕಳದೋ? ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ ಪ್ರತಿ ವರ್ಷ ಫೆಬ್ರವರಿ ತಿಂಗಳು ಬಂತೆಂದರೆ ಈ ಪ್ರಶ್ನೆ ಎದುರಾಗುತ್ತಿತ್ತು. ಸುಮಾರು ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಹಳ್ಳಿಯ ಮೇಷ್ಟರೊಬ್ಬರು ಇದಕ್ಕೆ ತಮ್ಮ ಕೆಲಸದಿಂದಲೇ ಉತ್ತರ ಕೊಟ್ಟರು. ಅದಕ್ಕಾಗಿ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಅವರ ಹೆಸರು ಸೆಲೆಸ್ತಾಂ ಫ್ರೆನೆ. ನಮ್ಮ ಬಿ.ಎಡ್. ತರಗತಿಗಳಲ್ಲಿ ರೂಸೋ, ಫ್ರೋಬೆಲ್, ಮಾಂಟೆಸೊರಿ, ಡ್ಯೂಯಿ ಇವರ ಹೆಸರುಗಳನ್ನು ಬಾಯಿಪಾಠ ಮಾಡಿದವರಿಗೂ ಫ್ರೆನೆ ಅಪರಿಚಿತರಾಗಿಯೇ ಉಳಿದಿದ್ದಾರೆ. ಆದ್ದರಿಂದ ಅವರ ಕಥೆಯನ್ನು ತುಸು ವಿವರವಾಗಿ ಹೇಳಬೇಕೆನಿಸಿತು.

ಫ್ರೆನೆ ಹುಟ್ಟಿದ್ದು 1896ರಲ್ಲಿ, ಆಲ್ಪ್ಸ್ ಪರ್ವತದ ದಕ್ಷಿಣದ ಗಾರ್ಸ್ ಎಂಬ ಕುಗ್ರಾಮದಲ್ಲಿ. ಶಿಕ್ಷಕ ತರಬೇತಿಯ ನಡುವೆಯೇ ಮೊದಲನೆಯ ಮಹಾಯುದ್ಧಕ್ಕೆ ಹೋಗಬೇಕಾಯಿತು. 1917ರಲ್ಲಿ ಗುಂಡು ತಗುಲಿ ಶ್ವಾಸಕೋಶಕ್ಕೆ ತೀವ್ರ ಪೆಟ್ಟಾಯಿತು. 1920ರಲ್ಲಿ ಬಾರ್-ಸ್ಯೂರ್-ಲು ಎಂಬ ಹಳ್ಳಿಯ ಎರಡು ಕೋಣೆಗಳ ಶಾಲೆಗೆ ನೇಮಕಗೊಂಡಾಗ ಅವರಿಗೆ ಗಟ್ಟಿಯಾಗಿ ಬಹಳ ಹೊತ್ತು ಮಾತನಾಡುವ ಶಕ್ತಿ ಇರಲಿಲ್ಲ; ಉಸಿರು ಕಟ್ಟುತ್ತಿತ್ತು. ಮೇಷ್ಟರಾದವನಿಗೆ ಗಂಟಲೇ ಬಂಡವಾಳವೆಂಬುದು ನಿಮಗೆಲ್ಲ ತಿಳಿದದ್ದೇ. ಆ ಬಂಡವಾಳ ಕೈಕೊಟ್ಟಾಗ, ತಾನು ಮಾತನಾಡದೆಯೂ ಮಕ್ಕಳು ಕಲಿಯುವ ಬೇರೊಂದು ದಾರಿಯನ್ನು ಅವರು ಹುಡುಕಲೇಬೇಕಾಯಿತು.

ಅವರು ಮಕ್ಕಳನ್ನು ಊರೊಳಗೆ, ಹೊಲಗದ್ದೆಗಳ ಬಳಿಗೆ ನಡೆಸಿಕೊಂಡು ಹೋಗತೊಡಗಿದರು. ನೇಕಾರನ ಮಗ್ಗ, ಬಡಗಿಯ ಕೊಟ್ಟಿಗೆ, ಹರಿಯುವ ಹೊಳೆ ಎಲ್ಲವೂ ಪಾಠಗಳಾದವು. ಹಿಂದಿರುಗಿದ ಮೇಲೆ ಕಂಡದ್ದನ್ನು ಮಕ್ಕಳೇ ಹೇಳುವರು, ಕರಿಹಲಗೆಯ ಮೇಲೆ ಅದು ಬರಹವಾಗುವುದು. ಆದರೆ ಮರುದಿನ ಆ ಬರಹವನ್ನು ಒರೆಸಲೇಬೇಕು. ಇಷ್ಟು ಜೀವಂತವಾದ ಮಾತುಗಳು ಹೀಗೆ ಅಳಿದುಹೋಗುವುದನ್ನು ತಡೆಯಲು ಅವರು 1924ರಲ್ಲಿ ಒಂದು ಪುಟ್ಟ ಮುದ್ರಣಯಂತ್ರವನ್ನು ಕೊಂಡು ತರಗತಿಯಲ್ಲೇ ಇರಿಸಿದರು.

ಶಾಲೆಯಲ್ಲಿ ಅಚ್ಚುಯಂತ್ರ ಇಟ್ಟವರಲ್ಲಿ ಅವರೇ ಮೊದಲಿಗರಲ್ಲ. 1880ರ ದಶಕದಲ್ಲಿ ಪಾಲ್ ರೋಬಾಂ ಅವರು ತಾವು ನಡೆಸುತ್ತಿದ್ದ ಅನಾಥಾಲಯದ ಶಾಲೆಯಲ್ಲಿ ಇತರ ಕಸುಬುಗಳೊಡನೆ ಮುದ್ರಣವನ್ನೂ ಕಲಿಸುತ್ತಿದ್ದರು. ಫ್ರೆನೆಯವರ ಉದ್ದೇಶ ಮುದ್ರಕರನ್ನು ತಯಾರಿಸುವುದಾಗಿರಲಿಲ್ಲ. ಮಗು ತನ್ನದೇ ಮಾತನ್ನು ತಾನೇ ಅಚ್ಚುಮಾಡಿ, ಇನ್ನೊಬ್ಬರು ಓದುವಂತೆ ಕೈಗಿಡುವುದು ಅವರಿಗೆ ಮುಖ್ಯವಾಗಿತ್ತು.

ಕೆಲಸದ ಕ್ರಮ ಹೀಗಿತ್ತು: ಮಕ್ಕಳು ತಮಗೆ ಇಷ್ಟಬಂದ ವಿಷಯದ ಬಗ್ಗೆ ಬರೆದು ತರಗತಿಯಲ್ಲಿ ಓದುವರು. ಯಾವುದನ್ನು ಅಚ್ಚುಮಾಡಬೇಕೆಂಬುದು ಮಕ್ಕಳ ಮತದಿಂದ ನಿರ್ಧಾರವಾಗುವುದು. ಆಯ್ಕೆಯಾದ ಬರಹವನ್ನು ಹಲಗೆಯ ಮೇಲೆ ಬರೆದು ಎಲ್ಲರೂ ಕೂಡಿ ತಿದ್ದುವರು. ಬರೆದವನ ಭಾವ ಕೆಡದಂತೆ ವಾಕ್ಯ ನೇರವಾಗಬೇಕು, ಕಾಗುಣಿತ ಸರಿಯಾಗಬೇಕು. ಬಳಿಕ ಸಣ್ಣ ಗುಂಪುಗಳಾಗಿ ಮೊಳೆ ಜೋಡಿಸುವರು. ಸೀಸದ ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿರುತ್ತದೆ. ಒಂದೊಂದೇ ಅಕ್ಷರವನ್ನು ಆರಿಸಿ ಕೂಡಿಸುವಾಗ ಕಾಗುಣಿತ ಬೆರಳಿಗೇ ಅಭ್ಯಾಸವಾಗುತ್ತದೆ. ಮೊಳೆಗಳು ಮಿತವಾಗಿರುವುದರಿಂದ ಅನಾವಶ್ಯಕವಾದ ಮಾತು ತಾನಾಗಿಯೇ ಬಿದ್ದುಹೋಗುತ್ತದೆ. ಪುಟದಲ್ಲಿ ಎಷ್ಟು ಜಾಗ ಬಿಡಬೇಕು, ಶೀರ್ಷಿಕೆ ಎಲ್ಲಿರಬೇಕು, ಚಿತ್ರ ಎಲ್ಲಿ ಕೂಡಬೇಕು ಎಂಬ ಪುಟವಿನ್ಯಾಸದ ಪಾಠ ಬೇರೆಯಾಗಿ ಬೇಕಾಗಲಿಲ್ಲ. ಫ್ರೆನೆಯವರ ಪತ್ನಿ ಎಲೀಸ್ ಸ್ವತಃ ಚಿತ್ರಕಲಾವಿದೆ. ಮಕ್ಕಳ ಚಿತ್ರಕಲೆಗೆ ಅವರಿಂದ ದೊಡ್ಡ ಒತ್ತಾಸೆ ದೊರೆಯಿತು. ಮಕ್ಕಳು ಲಿನೋಲಿಯಂ ಹಾಳೆಯನ್ನು ಕೊರೆದು ಚಿತ್ರಗಳನ್ನೂ ಅಚ್ಚೊತ್ತಿದರು.

ಪ್ರತಿಯೊಂದು ಮಗುವೂ ಅಚ್ಚಾದ ಹಾಳೆಗಳನ್ನು ವರ್ಷವಿಡೀ ಒಂದೊಂದಾಗಿ ಸೇರಿಸಿಡುತ್ತಿತ್ತು. ಅದಕ್ಕೆ ಅವರು ಕೊಟ್ಟ ಹೆಸರು ‘ಬಾಳಿನ ಪುಸ್ತಕ’. ಅಮೆರಿಕದಲ್ಲಿ ಬೆಳೆದ ಇಯರ್‌ಬುಕ್ ಸಂಪ್ರದಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ 1806ರಲ್ಲಿ ಯೇಲ್ ಕಾಲೇಜಿನ ವಿದ್ಯಾರ್ಥಿಗಳ ಮುಖದ ನೆರಳುಚಿತ್ರಗಳ ಸಂಪುಟವೊಂದು ಬಂದಿತು. ಮುಂದೆ ಛಾಯಾಚಿತ್ರ ಬಂದಮೇಲೆ ಇಂತಹ ಸಂಪುಟಗಳು ಕಾಲೇಜುಗಳಿಂದ ಶಾಲೆಗಳಿಗೂ ಹಬ್ಬಿದವು. ಅಲ್ಲಿಯೂ ವಿದ್ಯಾರ್ಥಿಗಳೇ ಸಂಪಾದಕರಾಗಿ ದುಡಿದು ಬಹಳಷ್ಟು ಕಲಿತಿದ್ದಾರೆ. ಆದರೆ ಆ ಪುಸ್ತಕದಲ್ಲಿ ಮುಖಗಳಿಗೆ ಅಗ್ರಸ್ಥಾನ. ಬಾಳಿನ ಪುಸ್ತಕದಲ್ಲಿ ಮಾತಿಗೆ.

1926ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ದೂರದ ಬ್ರಿಟಾನಿ ಪ್ರಾಂತದ ಕಡಲತೀರದ ತ್ರೆಗಂಕ್ ಎಂಬಲ್ಲಿ ರೆನೆ ದಾನಿಯೆಲ್ ಎಂಬ ಅಧ್ಯಾಪಕರು ತಮ್ಮ ಶಾಲೆಯಲ್ಲೂ ಅಚ್ಚುಯಂತ್ರ ಹೂಡಿದರು. ಬೆಟ್ಟದ ಮಕ್ಕಳೂ ಕಡಲ ಮಕ್ಕಳೂ ತಮ್ಮ ಹಾಳೆಗಳನ್ನು ಅಂಚೆಯಲ್ಲಿ ಬದಲಾಯಿಸಿಕೊಳ್ಳತೊಡಗಿದರು. ತಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು, ಏನೂ ಗೊತ್ತಿಲ್ಲದ ಓದುಗನಿಗೆ ತಿಳಿಯುವಂತೆ ಬರೆಯುವುದು ಹೇಗೆ? ಪತ್ರಿಕೋದ್ಯಮದ ಮೊದಲ ಪಾಠವೇ ಇದು. 1927ರಲ್ಲಿ ಹಲವು ಶಾಲೆಗಳ ಮಕ್ಕಳ ಬರಹಗಳನ್ನು ಕೂಡಿಸಿದ ‘ಲಾ ಜೆರ್ಬ್’ ಎಂಬ ಪತ್ರಿಕೆಯೂ ಆರಂಭವಾಯಿತು. ಆ ಹೆಸರಿಗೆ ನಮ್ಮ ರೈತರ ಮಾತಿನಲ್ಲಿ ‘ಸಿವುಡು’ ಎಂದರ್ಥ.

ಮಕ್ಕಳ ಮಾತನ್ನು ಅಚ್ಚುಮಾಡುವುದು ಎಷ್ಟು ಅಪಾಯಕರವಾಗಬಹುದೆಂಬುದು ಸೇಂ ಪೋಲ್ ಎಂಬ ಊರಿನಲ್ಲಿ ತಿಳಿಯಿತು. 1928ರಲ್ಲಿ ಅಲ್ಲಿಗೆ ಬಂದ ಫ್ರೆನೆ, ಶಾಲೆಯ ಕಟ್ಟಡದ ದುಃಸ್ಥಿತಿಯನ್ನು ಸರಿಪಡಿಸುವಂತೆ ಪುರಸಭೆಯನ್ನು ಒತ್ತಾಯಿಸುತ್ತಿದ್ದರು. ಅವರ ಎಡಪಂಥೀಯ ನಿಲುವೂ ಕೆಲವರಿಗೆ ಹಿಡಿಸದು. ಅವರ ವಿದ್ಯಾರ್ಥಿಯೊಬ್ಬ ತಾನು ಕಂಡ ಕನಸನ್ನು ಬರೆದಿದ್ದ. ಕನಸಿನಲ್ಲಿ ಮೇಯರನ್ನೇ ಕೊಂದಿದ್ದ! 1932ರ ಡಿಸೆಂಬರ್‌ನಲ್ಲಿ ಆ ಬರಹ ಭಿತ್ತಿಪತ್ರವಾಗಿ ಊರ ಗೋಡೆಗಳ ಮೇಲೆ ಕಾಣಿಸಿಕೊಂಡಿತು. ಬಲಪಂಥೀಯ ಪತ್ರಿಕೆಗಳು ವಿವಾದವನ್ನು ದೇಶದಾದ್ಯಂತ ಹಬ್ಬಿಸಿದವು. 1933ರಲ್ಲಿ ಫ್ರೆನೆಯವರನ್ನು ಅಲ್ಲಿಂದ ವರ್ಗಾಯಿಸಲಾಯಿತು. ಅವರು ಸರ್ಕಾರಿ ಶಾಲೆಯಿಂದ ದೂರ ಸರಿದು 1935ರಲ್ಲಿ ವಾಂಸ್ ಎಂಬಲ್ಲಿ ತಮ್ಮದೇ ಶಾಲೆಯನ್ನು ತೆರೆದರು. 1966ರಲ್ಲಿ ಅವರು ತೀರಿಕೊಂಡರು. ಯಾವ ಸರ್ಕಾರದ ವ್ಯವಸ್ಥೆಯಿಂದ ಅವರು ಹೊರನಡೆಯಬೇಕಾಯಿತೋ ಅದೇ ಸರ್ಕಾರ 1991ರಲ್ಲಿ ಆ ಶಾಲೆಯನ್ನು ವಹಿಸಿಕೊಂಡಿತು.

ಈ ಕಥೆಯನ್ನು ಓದುವಾಗ ನಮ್ಮ ಕೈಬರಹದ ಪತ್ರಿಕೆಗಳು ನೆನಪಾಗುತ್ತವೆ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳಿಗೆ ನೂರಾರು ಬಗೆಯ ಮೊಳೆಗಳು ಬೇಕು; ಬಡ ಶಾಲೆಗೆ ಅದು ಎಟುಕುವ ಮಾತಲ್ಲ. ಆದರೆ ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ಸಿಲ್, ದುಂಡಗಿನ ಅಕ್ಷರದ ಒಬ್ಬ ಹುಡುಗಿ ಇದ್ದರೆ ಒಂದು ಸಂಚಿಕೆ ಸಿದ್ಧವಾಗುತ್ತಿತ್ತು. ಇದ್ದದ್ದು ಒಂದೇ ಪ್ರತಿಯಾದರೂ ಅದು ಮಕ್ಕಳ ಪತ್ರಿಕೆಯೇ. ಅಚ್ಚಿನ ವಾರ್ಷಿಕ ಸಂಚಿಕೆಗಳ ರೀತಿ ಬೇರೆ. ಮೊದಲಿಗೆ ಗಣ್ಯರ ಸಂದೇಶಗಳು, ಬಳಿಕ ವರದಿಗಳು, ಜಾಹೀರಾತುಗಳು; ಉಳಿದ ಜಾಗದಲ್ಲಿ ಮಕ್ಕಳು. ನಾನು ಕಂಡ ಶಾಲೆಯೊಂದರಲ್ಲಿ, ಕುಡಿಯುವ ನೀರಿಲ್ಲದ ಕಷ್ಟವನ್ನು ಕುರಿತು ಒಂಬತ್ತನೆಯ ತರಗತಿಯ ಬಾಲಕಿ ಬರೆದ ಲೇಖನ ಕರಡು ತಿದ್ದಿದ ಮೇಲೂ ಆಡಳಿತದವರ ಮಾತಿನಂತೆ ಸಂಚಿಕೆಯಿಂದ ಹೊರಗುಳಿಯಿತು. ಆ ವರ್ಷದ ಬರಹಗಳಲ್ಲಿ ಕಣ್ಣಾರೆ ಕಂಡು ಬರೆದದ್ದು ಅದೊಂದೇ ಆಗಿತ್ತು.

ಪುಟವಿನ್ಯಾಸ, ವರದಿಗಾರಿಕೆ, ಕರಡು ತಿದ್ದುವಿಕೆ ಇವೆಲ್ಲ ಬದುಕಿಗೆ ಬೇಕಾದ ವಿದ್ಯೆಗಳೇ. 1985ರಲ್ಲಿ ಪೇಜ್‌ಮೇಕರ್ ಬಂದಂದಿನಿಂದ ಮೊಳೆಯ ಶ್ರಮವೂ ತಪ್ಪಿದೆ. ಆದರೆ ಸಂಚಿಕೆಯನ್ನು ಪೂರ್ತಿಯಾಗಿ ಡಿ.ಟಿ.ಪಿ. ಅಂಗಡಿಗೆ ಒಪ್ಪಿಸಿಬಿಟ್ಟರೆ ಕಲಿಯುವುದು ಅಂಗಡಿಯವನೇ ಹೊರತು ಮಕ್ಕಳಲ್ಲ. ಆಯ್ಕೆಯ ಅಧಿಕಾರವನ್ನು ಮಕ್ಕಳಿಗೆ ಕೊಟ್ಟಾಗ, ಓದುಗನೊಬ್ಬ ನಿಜವಾಗಿ ಇದ್ದಾನೆಂದು ಅವರಿಗೆ ತಿಳಿದಾಗ, ಉಳಿದ ವಿದ್ಯೆಗಳು ಹಿಂಬಾಲಿಸುತ್ತವೆ. ಅಂತಹ ಅಧಿಕಾರ ಕೊಡುವ ಅಧ್ಯಾಪಕನು ಒಮ್ಮೊಮ್ಮೆ ನಿಷ್ಠುರಕ್ಕೂ ಸಿದ್ಧನಿರಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಅಧ್ಯಾಪಕರು, ಇನ್ನು ಹಲವರು ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು. ಈ ವರ್ಷದ ಸಂಚಿಕೆ ಮನೆಗೆ ಬಂದಾಗ ಸಂದೇಶಗಳ ಪುಟಗಳನ್ನು ದಾಟಿ, ಯಾವುದಾದರೂ ಮಗು ಕಣ್ಣಾರೆ ಕಂಡು ಬರೆದ ಒಂದು ಬರಹವನ್ನು ಹುಡುಕಿ ಓದಿ. ಸಿಕ್ಕಿದರೆ, ಬರೆದ ಮಗುವಿಗೆ ಓದಿದೆನೆಂದು ತಿಳಿಸಿ. ಸಿಗದಿದ್ದರೆ, ಶಾಲೆಯವರನ್ನು ವಿನಯದಿಂದ ಕೇಳಿ.