ಸಾರೋಸ್ ಎಂಬ ಮನೆತನ

ಗ್ರಹಣದ ಸುದ್ದಿ ಬಂದಾಗಲೆಲ್ಲ ಪತ್ರಿಕೆಯ ಯಾವುದೋ ಮೂಲೆಯಲ್ಲಿ ಇಣುಕಿ ಮರೆಯಾಗುವ ಪದ ‘ಸಾರೋಸ್’. ಒಂದು ಸೂರ್ಯಗ್ರಹಣ ನಡೆದ 18 ವರ್ಷ, 11 ದಿನ, 8 ಗಂಟೆಗಳ ಬಳಿಕ ಅದರಂಥದ್ದೇ ಇನ್ನೊಂದು ನಡೆಯುತ್ತದೆ. ಆ ಅವಧಿಗೂ, ಹಾಗೆ ಒಂದರ ಹಿಂದೊಂದು ಬರುವ ಗ್ರಹಣಗಳ ಸಾಲಿಗೂ ಇದೇ ಹೆಸರು. ನಾವು ‘ಗ್ರಹಣ ಚಕ್ರ’ ಎಂದು ಬರೆದು ಮುಂದೆ ಹೋಗುತ್ತೇವೆ. ಚಕ್ರವಾದರೆ ಹೊರಟ ಜಾಗಕ್ಕೇ ಮರಳಬೇಕು. ಸಾರೋಸ್ ಮರಳುವುದಿಲ್ಲ. ಅದಕ್ಕೆ ಹುಟ್ಟಿದೆ, ಏರುಪ್ರಾಯವಿದೆ, ಸಾವೂ ಇದೆ. ಮನೆತನ ಎಂದರೆ ಹೆಚ್ಚು ಸರಿ.

ಪದದ ಮೂಲಕ್ಕೂ ಗ್ರಹಣಕ್ಕೂ ಸಂಬಂಧವೇ ಇಲ್ಲ. ಬ್ಯಾಬಿಲೋನಿನವರದು ಅರವತ್ತರ ಲೆಕ್ಕ. ಅರವತ್ತನ್ನು ಅರವತ್ತರಿಂದ ಗುಣಿಸಿದರೆ ಬರುವ 3,600ಕ್ಕೆ ಅವರು ‘ಶಾರ್’ ಎನ್ನುತ್ತಿದ್ದರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಬೆರೋಸಸ್ ಎಂಬ ಅಲ್ಲಿನ ಪುರೋಹಿತ ತನ್ನ ನಾಡಿನ ಚರಿತ್ರೆಯನ್ನು ಗ್ರೀಕಿನಲ್ಲಿ ಬರೆದಾಗ ಅದು ‘ಸಾರೋಸ್’ ಆಯಿತು. ಮಹಾಪ್ರಳಯಕ್ಕೆ ಮುಂಚೆ ಹತ್ತು ಅರಸರು ಒಟ್ಟು 120 ಸಾರೋಸ್ ಕಾಲ ಆಳಿದರು ಎಂದು ಅವನ ಹೇಳಿಕೆ. ಒಂದೊಂದು ಸಾರೋಸೂ 3,600 ವರ್ಷ. ಗುಣಿಸಿದರೆ 4,32,000. ಕಲಿಯುಗದ ಆಯಸ್ಸೆಂದು ನಮ್ಮ ಪಂಚಾಂಗಗಳಲ್ಲಿ ಕಾಣುವ ಅಂಕಿಯೂ ಅಷ್ಟೇ! ಈ ಹೊಂದಿಕೆ ಕಂಡಾಗ ನನ್ನ ಮೈ ಜುಮ್ಮೆಂದಿತ್ತು. ಅದರ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟಲು ನಾನು ಹೋಗುವುದಿಲ್ಲ.

ಆಮೇಲೆ ಪದ ದಾರಿ ಬದಲಿಸಿತು. 10ನೇ ಶತಮಾನದ ಬೈಜಾಂಟಿಯಮ್‌ನಲ್ಲಿ ಸಿದ್ಧವಾದ ‘ಸುದಾ’ ಎಂಬ ಮಹಾಕೋಶ, ಸಾರೋಸ್ ಎಂದರೆ 222 ಚಾಂದ್ರಮಾಸ, ಅಂದರೆ ಹದಿನೆಂಟೂವರೆ ವರ್ಷ ಎಂದು ಬರೆಯಿತು. 1691ರಲ್ಲಿ ಎಡ್ಮಂಡ್ ಹ್ಯಾಲಿ ಅದನ್ನು ಓದಿದ. ಗ್ರಹಣಗಳು ಮರುಕಳಿಸುವ ತಿಂಗಳ ಲೆಕ್ಕ ರೋಮಿನ ಪ್ಲಿನಿಯ ಗ್ರಂಥದಲ್ಲಿತ್ತು. ಹಸ್ತಪ್ರತಿಗಳಲ್ಲಿ ಕೆಟ್ಟಿದ್ದ ಆ ಅಂಕಿಯನ್ನು 223 ಎಂದು ತಿದ್ದಿದವನು ಹ್ಯಾಲಿ. ಅದೇ ಕೈಯಲ್ಲಿ ಸುದಾದ ಪದವನ್ನು ತಂದು ಈ ಅವಧಿಗೆ ಅಂಟಿಸಿಬಿಟ್ಟ. ಅಂಕಿ ಸರಿಯಾಯಿತು, ಹೆಸರು ತಪ್ಪಿತು. 1756ರಲ್ಲಿ ಫ್ರಾನ್ಸಿನ ಲ ಜೆಂಟಿಲ್ ಇದನ್ನು ಎತ್ತಿ ತೋರಿಸಿದ. ಶುಕ್ರ ಸಂಕ್ರಮಣ ನೋಡಲೆಂದು ಭಾರತಕ್ಕೆ ಬಂದು, 1769ರಲ್ಲಿ ಪುದುಚೇರಿಯಲ್ಲಿ ಮೋಡ ಕವಿದು ನಿರಾಶನಾದವನು ಅವನೇ. ತಮಿಳು ಗಣಿತಜ್ಞರಿಂದ ಗ್ರಹಣದ ಲೆಕ್ಕ ಕಲಿತವನೂ ಅವನೇ. ಆದರೆ ಅಷ್ಟರಲ್ಲಿ ಪದ ಊರಿಕೊಂಡಿತ್ತು.

ಹಾಗಾದರೆ ಈ ಕ್ರಮವನ್ನು ಕಂಡುಹಿಡಿದ ಬ್ಯಾಬಿಲೋನಿನವರು ಅದನ್ನು ಏನೆಂದು ಕರೆದರು? ‘ಹದಿನೆಂಟು ವರ್ಷ’, ಅಷ್ಟೇ. ತಲೆಮಾರುಗಳ ಕಾಲ ಜೇಡಿಮಣ್ಣಿನ ಹಲಗೆಗಳ ಮೇಲೆ ಗ್ರಹಣಗಳನ್ನು ಬರೆದಿಟ್ಟವರು, 223 ತಿಂಗಳಲ್ಲಿ ಗ್ರಹಣ ಸಂಭವಿಸಬಹುದಾದ 38 ತಿಂಗಳುಗಳನ್ನು ಕೋಷ್ಟಕ ಹಾಕಿದವರು, ಹೆಸರಿಡುವ ಗೋಜಿಗೇ ಹೋಗಲಿಲ್ಲ. ನನಗೆ ಅವರ ಮೇಲೆ ಹೆಚ್ಚು ಗೌರವ. 1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ ಹಡಗಿನಿಂದ ಮೇಲೆತ್ತಿದ ಕಂಚಿನ ಯಂತ್ರದಲ್ಲೂ ಇದೇ ಲೆಕ್ಕವಿದೆ: 223 ಹಲ್ಲುಗಳ ಒಂದು ಗಾಲಿ, ಹಿಂಬದಿಯಲ್ಲಿ ನಾಲ್ಕು ಸುತ್ತಿನ ಸುರುಳಿಯಲ್ಲಿ 223 ಮನೆಗಳು, ಗ್ರಹಣದ ತಿಂಗಳಿನ ಮನೆಯಲ್ಲಿ ಸೂರ್ಯನಿಗೋ ಚಂದ್ರನಿಗೋ ಒಂದು ಗುರುತು.

ಪಂಚಾಂಗ ನೋಡಿ ಬಲ್ಲವರಿಗೆ 223 ಅಪರಿಚಿತ ಸಂಖ್ಯೆಯಾಗಬೇಕಿಲ್ಲ. ಹದಿನೆಂಟು ವರ್ಷಕ್ಕೆ 216 ತಿಂಗಳು, ಅದಕ್ಕೆ ಏಳು ಅಧಿಕಮಾಸ ಸೇರಿಸಿದರೆ ಸಿಕ್ಕಿತು. ಇದರ ಹಿಂದೆ ಚಂದ್ರನ ಮೂರು ಬೇರೆ ಬೇರೆ ನಡಿಗೆಗಳಿವೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಲೆಕ್ಕ. ಅಂಥ 223 ತಿಂಗಳಿಗೆ 6,585.32 ದಿನ. ಸೂರ್ಯನ ಹಾದಿಯನ್ನು ತಾನು ದಾಟುವ ಬಿಂದುವಿಗೆ ಚಂದ್ರ ಮರಳುವುದು ಇನ್ನೊಂದು. ಅಂಥ 242 ಸುತ್ತಿಗೆ 6,585.36 ದಿನ. ಭೂಮಿಗೆ ತೀರ ಹತ್ತಿರದ ತಾಣಕ್ಕೆ ಮರಳುವುದು ಮೂರನೆಯದು. ಅಂಥ 239 ಸುತ್ತಿಗೆ 6,585.54 ದಿನ. ಮೂರೂ ಬಹುಮಟ್ಟಿಗೆ ಒಂದೇ ಹೊತ್ತಿಗೆ ಕೂಡಿಬರುವುದರಿಂದ ಗ್ರಹಣ ಮರಳುತ್ತದೆ, ಚಂದ್ರಬಿಂಬದ ಗಾತ್ರವೂ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಆದರೆ ಉಳಿಕೆ ಮೂರನೇ ಒಂದು ದಿನವಿದೆಯಲ್ಲ, ಅಷ್ಟರಲ್ಲಿ ಭೂಮಿ ಇನ್ನೂ ಮೂರನೇ ಒಂದು ಸುತ್ತು ತಿರುಗಿರುತ್ತದೆ. ನೆರಳು ಅಷ್ಟು ಪಶ್ಚಿಮಕ್ಕೆ ಜಾರಿ ಬೇರೆ ಖಂಡದ ಮೇಲೆ ಬೀಳುತ್ತದೆ. ಮೂರು ಸಾರೋಸ್ ಕಳೆದರೆ, ಅಂದರೆ 54 ವರ್ಷ ಮತ್ತು ಸುಮಾರು ಒಂದು ತಿಂಗಳಾದರೆ, ಮತ್ತೆ ಹಳೆಯ ರೇಖಾಂಶದ ಸಮೀಪ. ಅದಕ್ಕೆ ಗ್ರೀಕರು ‘ಎಕ್ಸೆಲಿಗ್ಮೋಸ್’ ಎಂದರು.

ಮನೆತನ ಎಂದದ್ದು ಬರೀ ಮಾತಿಗಲ್ಲ. ಡಚ್ ವಿದ್ವಾಂಸ ವಾನ್ ಡೆನ್ ಬರ್ಗ್ 1955ರಲ್ಲಿ ಈ ಸಾಲುಗಳಿಗೆ ಸಂಖ್ಯೆ ಕೊಟ್ಟ. ಅದರಲ್ಲಿ 130ನೆಯದನ್ನು ನಮ್ಮದೆಂದೇ ಹೇಳಿಕೊಳ್ಳಬಹುದು. 1980ರ ಫೆಬ್ರವರಿ 16ರ ಮಧ್ಯಾಹ್ನ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋದ ಖಗ್ರಾಸ ಗ್ರಹಣ ಈ ಸಾಲಿನ 50ನೆಯದು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಬಿಡಾರ ಹೂಡಿದ್ದು ಆಗಲೇ. ಅಲ್ಲಿಂದ ಆರು ಸಾರೋಸ್ ಹಿಂದೆ ಎಣಿಸಿದರೆ 1871ರ ಡಿಸೆಂಬರ್ 12ರ ಬೆಳಿಗ್ಗೆ. ಆಗ ಇದೇ ಮನೆತನದ ನೆರಳು ಬೇಕಲದ ಮೇಲೆ, ನೀಲಗಿರಿಯ ಮೇಲೆ ಬಿದ್ದಿತ್ತು. ಬೇಕಲ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿನ ಕೋಟೆಯಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ದೂರದರ್ಶಕ ಹಿಡಿದು ನಿಂತಿದ್ದರೆ, ನೀಲಗಿರಿಯ ಷೋಲೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಪ್ರಭಾವಲಯದ ರೋಹಿತ ನೋಡುತ್ತಿದ್ದ.

ಇವೆರಡರ ನಡುವೆ ಬಂದವುಗಳಲ್ಲಿ ಒಂದನ್ನು ನಮ್ಮ ಹಿರಿಯರು ಬೇರೆ ಹೆಸರಿನಿಂದ ನೆನಪಿಟ್ಟಿದ್ದಾರೆ. 1962ರ ಫೆಬ್ರವರಿಯ ಅಷ್ಟಗ್ರಹ ಕೂಟ! ಲೋಕವೇ ಮುಳುಗುತ್ತದೆಂದು ದೇಶದ ಉದ್ದಗಲಕ್ಕೂ ಹೋಮಗಳಾದವು. ಆ ಅಮಾವಾಸ್ಯೆಯಂದೇ ನ್ಯೂಗಿನಿಯ ಕಡೆ ಖಗ್ರಾಸ ಸೂರ್ಯಗ್ರಹಣ ನಡೆಯಿತು. ಮಕರ ರಾಶಿಯಲ್ಲಿ ಸೂರ್ಯ, ಚಂದ್ರ ಮತ್ತು ಐದು ಗ್ರಹಗಳ ಜೊತೆ ಎಂಟನೆಯವನಾಗಿ ಕೂತಿದ್ದವನು ಕೇತು.

ಈ ಕೇತುವಿನಲ್ಲೇ ನಮ್ಮ ಭಾಷೆಗೂ ಸಾರೋಸಿಗೂ ನಿಜವಾದ ನಂಟಿದೆ ಎಂಬುದು ನನ್ನ ಎಣಿಕೆ. ಚಂದ್ರ ಸೂರ್ಯನ ಹಾದಿಯನ್ನು ಉತ್ತರಕ್ಕೆ ದಾಟುವ ಬಿಂದು ರಾಹು, ದಕ್ಷಿಣಕ್ಕೆ ದಾಟುವುದು ಕೇತು. ಗ್ರಹಣ ಯಾವ ಬಿಂದುವಿನಲ್ಲಾಯಿತು ಎಂಬುದನ್ನು ಪಂಚಾಂಗದವರು ‘ರಾಹುಗ್ರಸ್ತ’, ‘ಕೇತುಗ್ರಸ್ತ’ ಎಂದು ಒಂದೇ ಪದದಲ್ಲಿ ಹೇಳಿಬಿಡುತ್ತಾರೆ. ಒಂದು ಸಾರೋಸಿನ ಗ್ರಹಣಗಳೆಲ್ಲ ಹುಟ್ಟಿನಿಂದ ಕೊನೆಯವರೆಗೆ ಒಂದೇ ಬಿಂದುವಿನಲ್ಲಿ ನಡೆಯುತ್ತವೆ. 130ರ ಅಷ್ಟೂ ಗ್ರಹಣಗಳು ಕೇತುಗ್ರಸ್ತ. ಇಷ್ಟು ಖಚಿತವಾದ ಪದ ನಮ್ಮ ಮನೆಯ ಗೋಡೆಯ ಮೊಳೆಗೆ ನೇತುಬಿದ್ದ ಪಂಚಾಂಗದಲ್ಲಿರುವಾಗ, ಅದನ್ನು ಊಟ ಬಿಡುವ ಹೊತ್ತು ನೋಡುವುದಕ್ಕಷ್ಟೇ ಬಳಸುತ್ತೇವಲ್ಲ ಎಂದು ನನಗೆ ನೋವಾಗುತ್ತದೆ.

ಮೇಲೆ ಹೇಳಿದ ಎರಡು ಲೆಕ್ಕಗಳ ನಡುವೆ, 6,585.32ಕ್ಕೂ 6,585.36ಕ್ಕೂ, ಒಂದು ಗಂಟೆಗಿಂತ ಕಡಿಮೆ ಅಂತರ. ಮನೆತನದ ಆಯಸ್ಸು ಅಡಗಿರುವುದು ಅಲ್ಲಿ. ಪ್ರತಿ ಸಾರೋಸಿಗೂ ಗ್ರಹಣ ಕೇತುಬಿಂದುವಿನಿಂದ ಅರ್ಧ ಡಿಗ್ರಿಯಷ್ಟು ಸರಿಯುತ್ತದೆ, ನೆರಳು ಉತ್ತರಕ್ಕೆ ಜರುಗುತ್ತದೆ. 130ನೇ ಸಾರೋಸ್ 1096ರ ಆಗಸ್ಟ್ 20ರಂದು ಭೂಮಿಯ ದಕ್ಷಿಣ ತುದಿಯಲ್ಲಿ ಸೂರ್ಯನ ಅಂಚು ಸವರುವ ಗ್ರಹಣವಾಗಿ ಶುರುವಾಯಿತು. ಕಲ್ಯಾಣದಲ್ಲಿ ಆಗ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ. ಖಗ್ರಾಸವಾಗಲು 1475ರವರೆಗೆ ಕಾಯಬೇಕಾಯಿತು. 1619ರ ಜುಲೈನಲ್ಲಿ 6 ನಿಮಿಷ 41 ಸೆಕೆಂಡು ಸೂರ್ಯನನ್ನು ಪೂರ್ತಿ ಮುಚ್ಚಿದ್ದು ಅದರ ಏರುಪ್ರಾಯ. 2232ರಲ್ಲಿ ಕೊನೆಯ ಖಗ್ರಾಸ. ಆಮೇಲೆ ಬರೀ ಪಾರ್ಶ್ವಗ್ರಹಣಗಳು, 2394ರ ಅಕ್ಟೋಬರಿನಲ್ಲಿ ಉತ್ತರ ತುದಿಯಲ್ಲಿ ಕಟ್ಟಕಡೆಯದು. ಒಟ್ಟು 73. ಸುಮಾರು ಹದಿಮೂರು ಶತಮಾನಗಳ ಈ ಬಾಳಿಗೆ ಬ್ಯಾಬಿಲೋನಿನ ಒಂದು ದೊಡ್ಡ ಸಂಖ್ಯೆಯ ಹೆಸರು ಬಂದದ್ದು ತಪ್ಪಿನಿಂದಲೇ ಇರಲಿ, ಒಪ್ಪುತ್ತದೆ ಎಂದೇ ನನ್ನ ಭಾವನೆ.

1980ಕ್ಕೆ ಮೂರು ಸಾರೋಸ್ ಸೇರಿಸಿದರೆ 2034ರ ಮಾರ್ಚ್ 20. ಬೇಕಲ, ಅಂಕೋಲಾಗಳ ಮೇಲೆ ಹಾದ ಮನೆತನ ಆ ಸಂಜೆ ಭಾರತಕ್ಕೆ ಮರಳುತ್ತದೆ. ಈ ಸಲ ಇನ್ನೂ ಉತ್ತರಕ್ಕೆ, ಲಡಾಖಿನ ಕಾರ್ಗಿಲ್ ಸೀಮೆಗೆ. ಅದು ಫಾಲ್ಗುಣ ಅಮಾವಾಸ್ಯೆ. ಮಾರನೆಯ ದಿನವೇ ಯುಗಾದಿ. ಆ ವರ್ಷದ ಪಂಚಾಂಗ ಬರೆಯುವವರು ‘ಕೇತುಗ್ರಸ್ತ’ ಎಂಬುದರ ಪಕ್ಕದಲ್ಲಿ ‘ಸಾರೋಸ್ 130, 53ನೆಯದು’ ಎಂದೂ ಬರೆಯಲಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ.