ಬೆರಕೆಯೂ ಕಲಬೆರಕೆಯೂ

ಹೈದರಾಬಾದಿನ ಕನ್ನಡಿಗರಾದ ನಮಗೆ ‘ಕಲಬೆರಕೆ’ ಎಂಬ ನಿಂದೆ ಹೊಸತಲ್ಲ. ಉರ್ದು, ತೆಲುಗುಗಳ ನಡುವೆ ಬಾಳಿದ ನಮ್ಮ ಮಾತನ್ನು ಕೇಳಿ ಊರಿನ ನೆಂಟರು ನಗುವುದುಂಟು. ಆದರೆ ಬೆರಕೆಗೂ ಕಲಬೆರಕೆಗೂ ಅಂತರವಿದೆ. ಅದನ್ನು ನಮಗೆ ತಿಳಿಸಿಕೊಟ್ಟದ್ದು ಜಪಾನಿನ ವಿಸ್ಕಿಯ ಚರಿತ್ರೆ. ಓದುಗರು ಹುಬ್ಬು ಗಂಟಿಕ್ಕಬಾರದು. ಇಲ್ಲಿರುವುದು ಕುಡಿತದ ಹೊಗಳಿಕೆಯಲ್ಲ, ಒಂದು ಕಸುಬಿನ ಕಥೆ.

ಹಿರೋಶಿಮಾ ಪ್ರಾಂತದ ಸಾಕೆ ತಯಾರಕರ ಮನೆತನದಲ್ಲಿ ಹುಟ್ಟಿದ ಮಸತಾಕ ತಾಕೆತ್ಸುರು 1918ರಲ್ಲಿ ಸ್ಕಾಟ್ಲೆಂಡಿಗೆ ಹೊರಟರು. ಗ್ಲಾಸ್ಗೋದಲ್ಲಿ ರಸಾಯನಶಾಸ್ತ್ರ ಓದಿದರು. ಭಟ್ಟಿಖಾನೆಗಳಲ್ಲಿ ದುಡಿದು, ಕಂಡದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡರು. 1920ರಲ್ಲಿ ರೀಟಾ ಕೋವನ್ ಅವರನ್ನು ವರಿಸಿ ತಾಯ್ನಾಡಿಗೆ ಮರಳಿದರು. ಶಿಂಜಿರೊ ತೋರಿಯವರ ಯಮಜಾಕಿ ಭಟ್ಟಿಖಾನೆಯನ್ನು ಕಟ್ಟಿಕೊಟ್ಟ ಬಳಿಕ, 1934ರಲ್ಲಿ ಹೊಕ್ಕೈಡೊ ದ್ವೀಪದ ಯೋಯಿಚಿಯಲ್ಲಿ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು. 1969ರಲ್ಲಿ ಸೆಂಡೈ ಬಳಿ ಮಿಯಾಗಿಕ್ಯೊ ಭಟ್ಟಿಖಾನೆ ಆರಂಭವಾಯಿತು. ಯೋಯಿಚಿಯಲ್ಲಿ ತಾಮ್ರದ ಹಂಡೆಗೆ ನೇರ ಕಲ್ಲಿದ್ದಲ ಉರಿ. ಅಲ್ಲಿಯ ಮಾಲ್ಟ್ ಗಡಸು. ಮಿಯಾಗಿಕ್ಯೊದಲ್ಲಿ ಹಬೆಯ ಕಾವು. ಅಲ್ಲಿಯದು ಮೃದು, ಹಣ್ಣಿನ ಪರಿಮಳದ್ದು. ಇವೆರಡನ್ನು ಹದವರಿತು ಕೂಡಿಸಿದ್ದೇ ಅವರ ಹೆಸರಿನ ‘ತಾಕೆತ್ಸುರು’ ವಿಸ್ಕಿ. ಒಂದಕ್ಕಿಂತ ಹೆಚ್ಚು ಭಟ್ಟಿಖಾನೆಗಳ, ಮೊಳಕೆಯ ಬಾರ್ಲಿಯಿಂದಷ್ಟೇ ಇಳಿಸಿದ ವಿಸ್ಕಿಗಳ ಇಂಥ ಮಿಶ್ರಣಕ್ಕೆ ‘ಬ್ಲೆಂಡೆಡ್ ಮಾಲ್ಟ್’ ಎಂದು ಹೆಸರು. ಸ್ಕಾಟ್ಲೆಂಡಿನ ಸಂಸ್ಥೆಗಳು ಪರಸ್ಪರ ಪೀಪಾಯಿಗಳನ್ನು ಕೊಟ್ಟು ತರುತ್ತವೆ. ಜಪಾನಿನ ಪ್ರತಿಸ್ಪರ್ಧಿಗಳಲ್ಲಿ ಆ ವಾಡಿಕೆ ಬೆಳೆಯಲಿಲ್ಲ. ಆದ್ದರಿಂದ ಹಂಡೆಯ ಆಕಾರ, ಯೀಸ್ಟ್, ಪೀಪಾಯಿಯ ಮರಗಳನ್ನು ಬದಲಿಸುತ್ತ ಒಂದೇ ಮನೆಯೊಳಗೆ ಹಲವು ರುಚಿಗಳನ್ನು ಸೃಷ್ಟಿಸುವುದು ಅವರ ಕಸುಬಾಯಿತು.

ನಮ್ಮ ಬೆಂಗಳೂರಿನ ಕಥೆಯೂ ಇದಕ್ಕೆ ದೂರದ್ದಲ್ಲ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಆರಂಭಿಸಿದ ಅಮೃತ್ ಡಿಸ್ಟಿಲರೀಸ್, ಅವರ ಪುತ್ರ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟ್ 24ರಂದು, ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿತು. ಎಲ್ಲಿ? ತಾಕೆತ್ಸುರು ಓದಿದ ಅದೇ ಗ್ಲಾಸ್ಗೋದಲ್ಲಿ! ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ. 10ರಿಂದ 12ರಷ್ಟು ಹೋಗುತ್ತದೆ. ಆ ನಷ್ಟಕ್ಕೆ ಪ್ರತಿಯಾಗಿ ವಿಸ್ಕಿ ಬೇಗ ಮಾಗುತ್ತದೆ. ಅವರ ‘ಫ್ಯೂಷನ್’ನಲ್ಲಿ ಭಾರತದ ಬಾರ್ಲಿಯ ಮಾಲ್ಟೂ ಸ್ಕಾಟ್ಲೆಂಡಿನ ಹೊಗೆಗಂಪಿನ ಬಾರ್ಲಿಯ ಮಾಲ್ಟೂ ಬೇರೆಬೇರೆಯಾಗಿ ಮಾಗಿ, ಬಳಿಕ ಒಂದಾಗುತ್ತವೆ. ಒಂದೇ ಭಟ್ಟಿಖಾನೆಯದಾದ್ದರಿಂದ ಹೆಸರಿಗೆ ಸಿಂಗಲ್ ಮಾಲ್ಟ್. ಕಸುಬಿನಲ್ಲಿ ತಾಕೆತ್ಸುರುವಿನ ಸೋದರ. ವಿಮರ್ಶಕ ಜಿಮ್ ಮರ್ರೆ 2010ರ ತಮ್ಮ ಕೈಪಿಡಿಯಲ್ಲಿ ಇದಕ್ಕೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟರು.

ಹಾಗಾದರೆ ಕಲಬೆರಕೆ ಯಾವುದು? ಜಪಾನಿನಲ್ಲಿ ಆಮದು ಮಾಡಿದ ವಿಸ್ಕಿಯೂ ‘ಜಪಾನಿನದು’ ಎಂಬ ಚೀಟಿಯಡಿ ಮಾರಾಟವಾಗುತ್ತಿತ್ತು. 2021ರಲ್ಲಿ ಅಲ್ಲಿನ ತಯಾರಕರ ಸಂಘವೇ ನಿಯಮ ರೂಪಿಸಿತು: ಭಟ್ಟಿ ಇಳಿಸುವುದೂ ಕನಿಷ್ಠ 3 ವರ್ಷ ಮಾಗಿಸುವುದೂ ಜಪಾನಿನಲ್ಲೇ ಆಗಬೇಕು. ಕಾಕಂಬಿಯ ಮದ್ಯವನ್ನು ಇಂದಿಗೂ ಧಾರಾಳವಾಗಿ ‘ವಿಸ್ಕಿ’ ಎನ್ನುವ ನಮ್ಮ ದೇಶವೂ ಇದನ್ನು ಗಮನಿಸಬೇಕು. ದೋಷವಿರುವುದು ಬೆರೆಸುವುದರಲ್ಲಲ್ಲ, ಬೆರೆಸಿದ್ದನ್ನು ಮರೆಮಾಚುವುದರಲ್ಲಿ.

ನಮ್ಮ ಮಕ್ಕಳು ಕನ್ನಡದ ನಡುವೆ ‘ನಕ್ಕೋ’ ಎಂದಾಗ ನಾವು ಈಗ ಗದರುವುದಿಲ್ಲ. ಅದು ಮರಾಠಿಯಿಂದ ದಖ್ಖನಿಗೆ, ದಖ್ಖನಿಯಿಂದ ನಮ್ಮ ಮನೆಗೆ ಬಂದ ಮಾತೆಂದು ತಿಳಿಸುತ್ತೇವೆ. ಕನ್ನಡದಲ್ಲಿ ಅದಕ್ಕೆ ‘ಬೇಡ’ ಎನ್ನುತ್ತಾರೆಂದೂ ಕಲಿಸುತ್ತೇವೆ.